‘ಬಾಯ್’ಗೆ ಕನ್ನಡದಲ್ಲಿ ಏನಂತೀರಿ?

ಮೂರು ದಿನದಿಂದ ಒಂದು ಸಣ್ಣ ಇಂಗ್ಲಿಷ್ ಪದದ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ. ಪದ ‘ಬಾಯ್’. ಹುಡುಗ ಅಂತ ಬರೆದು ಮುಂದೆ ಹೋಗಬಹುದಿತ್ತು. ಮನಸ್ಸು ಒಪ್ಪುತ್ತಿಲ್ಲ.

ದಕ್ಷಿಣ ಆಫ್ರಿಕಾದ ಕವಿ ತಟಮ್‌ಖುಲು ಆಫ್ರಿಕಾ ಅವರ ‘ನಥಿಂಗ್ಸ್ ಚೇಂಜ್ಡ್’ (ಏನೂ ಬದಲಾಗಿಲ್ಲ) ಕವಿತೆಯನ್ನು ಸುಮ್ನೆ ನನ್ನ ಖುಷಿಗೆ ಕನ್ನಡಕ್ಕೆ ತರುತ್ತಿದ್ದೇನೆ. ಇಂಗ್ಲೆಂಡಿನ ಹೈಸ್ಕೂಲಿನಲ್ಲಿ ಇದು ಎಷ್ಟೋ ವರ್ಷ ಪಠ್ಯವಾಗಿತ್ತು. ಅಲ್ಲಿ ಬೆಳೆದ ಅಕ್ಕನ ಮಗ ರಜೆಗೆ ಬಂದಾಗ ಬಿಟ್ಟುಹೋದ ಹಳೆ ಪುಸ್ತಕದಲ್ಲಿ ನನಗೆ ಸಿಕ್ಕಿತು. ಪಕ್ಕದಲ್ಲಿ ಪೆನ್ಸಿಲಿನಿಂದ ‘ಕವಿಗೆ ಕೋಪ ಬಂದಿದೆ’ ಅಂತ ಬರೆದುಕೊಂಡಿದ್ದಾನೆ. ಪರೀಕ್ಷೆಗೆ ಅಷ್ಟು ಸಾಕಿತ್ತೇನೋ.

ಒಬ್ಬ ಮನುಷ್ಯ ಒಂದು ಪಾಳು ಜಾಗದಲ್ಲಿ ನಡೆಯುತ್ತಿದ್ದಾನೆ. ಕಾಲ ಕೆಳಗೆ ಉರುಟು ಕಲ್ಲು, ಕಳೆ ಗಿಡ, ತುಳಿದರೆ ಸದ್ದಾಗುವ ಖಾಲಿ ಡಬ್ಬಿಗಳು. ಹುಲ್ಲಿನ ಬೀಜ ಪ್ಯಾಂಟಿಗೆ ಅಂಟುತ್ತದೆ. ಇದು ಡಿಸ್ಟ್ರಿಕ್ಟ್ ಸಿಕ್ಸ್ ಅಂತ ಹೇಳುವ ಬೋರ್ಡ್ ಎಲ್ಲೂ ಇಲ್ಲ. ಆದರೆ ಅವನ ಕಾಲಿಗೆ ಗೊತ್ತು. ಕೈಗೆ, ಚರ್ಮಕ್ಕೆ, ಏದುಸಿರಿಗೂ ಗೊತ್ತು.

ಡಿಸ್ಟ್ರಿಕ್ಟ್ ಸಿಕ್ಸ್ ಕೇಪ್‌ಟೌನಿನ ನಡುಭಾಗಕ್ಕೆ ಅಂಟಿಕೊಂಡಿದ್ದ ಬಡಾವಣೆ. ಹಿಂದೆ ಟೇಬಲ್ ಮೌಂಟನ್, ಮುಂದೆ ಬಂದರು. ಎಲ್ಲ ಬಣ್ಣದ, ಎಲ್ಲ ದೇವರ ಜನ ಒಟ್ಟೊಟ್ಟಿಗೆ ಇದ್ದರು. 1966ರ ಫೆಬ್ರವರಿ 11ರಂದು ಸರ್ಕಾರ ಇದನ್ನು ಬಿಳಿಯರ ಪ್ರದೇಶ ಎಂದು ಘೋಷಿಸಿತು. ಆಮೇಲಿನ ವರ್ಷಗಳಲ್ಲಿ 60,000ಕ್ಕೂ ಹೆಚ್ಚು ಜನರನ್ನು ಎತ್ತಂಗಡಿ ಮಾಡಿ, ದೂರದ ಕೇಪ್ ಫ್ಲ್ಯಾಟ್ಸ್ ಎಂಬ ಮರಳು ಬಯಲಿಗೆ ಸಾಗಿಸಿದರು. ಮನೆಗಳ ಮೇಲೆ ಬುಲ್ಡೋಜರ್ ಓಡಿತು. ಹಲವು ಮಸೀದಿ, ಚರ್ಚುಗಳನ್ನು ಮಾತ್ರ ಬಿಟ್ಟರು. ಇಷ್ಟೆಲ್ಲ ಮಾಡಿ ಖಾಲಿ ಮಾಡಿಸಿದ ಜಾಗದಲ್ಲಿ ಹೆಚ್ಚಿನದು ದಶಕಗಟ್ಟಲೆ ಹಾಗೇ ಪಾಳುಬಿತ್ತು.

ಆ ಪಾಳಿನ ನಡುವೆ ಕವಿತೆಯಲ್ಲಿ ಒಂದು ಹೊಸ ಹೋಟೆಲು ಎದ್ದಿದೆ. ಥಳಥಳ ಗಾಜು, ಬಾಗಿಲಲ್ಲಿ ಕಾವಲುಗಾರ. ‘ಬಿಳಿಯರಿಗೆ ಮಾತ್ರ’ ಅಂತ ಎಲ್ಲೂ ಬರೆದಿಲ್ಲ. ಹಾಗೆ ಬರೆಯಲು ಅವಕಾಶ ಕೊಟ್ಟಿದ್ದ 1953ರ ಕಾನೂನು 1990ರಲ್ಲೇ ರದ್ದಾಗಿದೆ. (ಆ ಕಾನೂನು ಎಷ್ಟು ಭಂಡ ಅಂದ್ರೆ, ಬಿಳಿಯರಿಗೂ ಉಳಿದವರಿಗೂ ಕೊಡುವ ಸೌಕರ್ಯ ಸಮನಾಗಿ ಇರಬೇಕಿಲ್ಲ ಅಂತ ತಾನೇ ಹೇಳಿತ್ತು.) ಆದರೂ ಅವನು ಒಳಗೆ ಹೋಗುವುದಿಲ್ಲ. ಗಾಜಿಗೆ ಮೂಗು ಒತ್ತಿ ನಿಲ್ಲುತ್ತಾನೆ. ನೋಡುವ ಮೊದಲೇ ಒಳಗೇನಿದೆ ಅಂತ ಅವನಿಗೆ ಗೊತ್ತು. ಪುಡಿ ಮಾಡಿದ ಐಸ್, ಬಿಳಿ ಮೇಜುಬಟ್ಟೆ, ಒಂದೇ ಒಂದು ಗುಲಾಬಿ.

ಅದೇ ರಸ್ತೆಯ ಕೆಳಗಡೆ ಕೂಲಿಯವರ ಕೆಫೆಯಲ್ಲಿ ಬನ್ನಿ ಚೌ ಮಾರುತ್ತಾರೆ. ಬ್ರೆಡ್ಡಿನ ತಿರುಳು ತೋಡಿ ಒಳಗೆ ಸಾರು ತುಂಬಿದ ತಿಂಡಿ. ಡರ್ಬನ್ನಿನಲ್ಲಿ ನಮ್ಮ ದೇಶದ ಮೂಲದವರು ಶುರುಮಾಡಿದ್ದು. ಪ್ಲಾಸ್ಟಿಕ್ ಮೇಜಿನ ಮೇಲಿಟ್ಟು ತಿನ್ನು, ಕೈಯನ್ನು ಜೀನ್ಸಿಗೆ ಒರೆಸಿಕೋ, ನೆಲಕ್ಕೆ ಒಂಚೂರು ಉಗುಳು, ಅದು ಮೂಳೆಯಲ್ಲೇ ಬಂದಿದೆ ಅನ್ನುತ್ತಾನೆ ಕವಿ.

ಆ ಉಗುಳನ್ನು ಬೇರೆ ಕವಿಯಾಗಿದ್ದರೆ ಬಿಟ್ಟುಬಿಡುತ್ತಿದ್ದ. ತುಳಿತಕ್ಕೆ ಸಿಕ್ಕವರನ್ನು ಶುಭ್ರವಾಗಿ ತೋರಿಸೋದು ಸುಲಭ, ಓದುಗರಿಗೂ ಅದೇ ಇಷ್ಟ. ಈತ ಹಾಗೆ ಮಾಡಿಲ್ಲ. ‘ಅವರು ಇರೋದೇ ಹಾಗೆ’ ಅನ್ನುವ ಯಜಮಾನರ ಮಾತು ಅಷ್ಟು ವರ್ಷ ಕೇಳಿ ಕೇಳಿ ಇವನ ಬಾಯಲ್ಲೇ ಬರುತ್ತಿದೆ. ಅರ್ಧ ವ್ಯಂಗ್ಯ, ಅರ್ಧ ನಿಜ. ನನ್ನ ಮಟ್ಟಿಗೆ ಇಡೀ ಕವಿತೆಯಲ್ಲಿ ಕೊನೆಯ ಕೋಪಕ್ಕಿಂತ ಇದೇ ಜಾಸ್ತಿ ಚುಚ್ಚುತ್ತದೆ.

ಆಮೇಲೆ ಅವನು ಗಾಜಿನಿಂದ ಹಿಂದೆ ಸರಿಯುತ್ತಾನೆ, ‘ಮತ್ತೆ ಬಾಯ್’ ಆಗಿ. ನಾನು ಸಿಕ್ಕಿಹಾಕಿಕೊಂಡದ್ದು ಇಲ್ಲೇ. ಮಿಠಾಯಿ ಅಂಗಡಿ ಮುಂದೆ ಆಸೆಯಿಂದ ನಿಂತ ಮಗುವೂ ಬಾಯ್. ವರ್ಣಭೇದದ ದಕ್ಷಿಣ ಆಫ್ರಿಕಾದಲ್ಲಿ ಬಿಳಿಯರು ತಲೆ ನೆರೆತ ಕಪ್ಪು ಗಂಡಸನ್ನು ಕೂಗುತ್ತಿದ್ದದ್ದೂ ಬಾಯ್ ಅಂತಲೇ. ‘ಹುಡುಗ’ ಅಂದರೆ ಮಗು ಬರುತ್ತದೆ, ಅವಮಾನ ಬರಲ್ಲ. ‘ಲೇ’ ಅಂದರೆ ಮಗು ಹೋಗುತ್ತದೆ. ‘ಮಾಣಿ’ ಅಂತಲೂ ಯೋಚಿಸಿದೆ. ಹೋಟೆಲಿನಲ್ಲಿ ಐವತ್ತು ದಾಟಿದವರನ್ನೂ ಹಾಗೇ ಕರೆಯುವುದುಂಟು. ಆದರೆ ಓದಿದವರಿಗೆ ಉಡುಪಿ ನೆನಪಾಗುತ್ತದೆ, ಕೇಪ್‌ಟೌನ್ ಅಲ್ಲ. ಕೊನೆಗೆ ಹೊಳೆದದ್ದು ನಮ್ಮ ‘ಆಫೀಸ್ ಬಾಯ್’. ಮೊಮ್ಮಕ್ಕಳಿದ್ದರೂ ಬಾಯ್, ಅಲ್ವಾ?

ಕವಿಯ ಬದುಕು ತಿಳಿದ ಮೇಲೆ ಪದ ಇನ್ನೂ ಕಷ್ಟವಾಯಿತು. ಹುಟ್ಟಿದ್ದು ಈಜಿಪ್ಟಿನಲ್ಲಿ, 1920ರಲ್ಲಿ. ಎಳೆ ವಯಸ್ಸಿಗೇ ಅಪ್ಪ ಅಮ್ಮನನ್ನು ಕಳೆದುಕೊಂಡು ದಕ್ಷಿಣ ಆಫ್ರಿಕಾದ ಬಿಳಿಯರ ಮನೆಯಲ್ಲಿ ಬೆಳೆದವರು. ಕಾಗದದಲ್ಲಿ ಬಿಳಿಯರಾಗಿಯೇ ಉಳಿಯಬಹುದಿತ್ತು. ಉಳಿಯಲಿಲ್ಲ. ಕೇಪ್‌ಟೌನಿಗೆ ಬಂದು ಮುಸ್ಲಿಮರಾದರು, ಬಿಳಿಯರಲ್ಲದವರ ಪಟ್ಟಿಗೆ ಸೇರಿಕೊಂಡರು. ಡಿಸ್ಟ್ರಿಕ್ಟ್ ಸಿಕ್ಸ್ ಉಳಿಸಲು ಹೋರಾಡಿದರು, 1987ರಲ್ಲಿ ಬಂಧನಕ್ಕೂ ಒಳಗಾದರು. ಅಂದರೆ ಗಾಜಿನ ಆ ಕಡೆ ಕೂರಬಹುದಾಗಿದ್ದವರು ಬೇಕೆಂದೇ ಈ ಕಡೆ ಬಂದು ನಿಂತು ‘ನಾವು’ ಅಂದರು. ಆ ‘ನಾವು’ ಅವರಿಗೆ ಪುಕ್ಕಟೆ ಸಿಕ್ಕಿದ್ದಲ್ಲ.

ಮಂಡೇಲಾ ಬಂದ ಮೇಲೆ ಎಲ್ಲಾ ಬದಲಾಯ್ತಲ್ಲ, ಇವರದ್ದು ಅತಿಯಾಯ್ತು ಅಂತ ಗೆಳೆಯನೊಬ್ಬ ವಾದ ಮಾಡಿದ. ಬದಲಾಯ್ತು, ನಿಜ. 1994ರಲ್ಲಿ ಎಲ್ಲರೂ ಓಟು ಹಾಕಿದರು. 2004ರಲ್ಲಿ, ಅದೇ ಫೆಬ್ರವರಿ 11ರಂದು, ಎಂಬತ್ತು ದಾಟಿದ ಇಬ್ಬರು ಹಳೆ ನಿವಾಸಿಗಳಿಗೆ ಮಂಡೇಲಾ ಅವರೇ ಹೊಸ ಮನೆಯ ಕೀಲಿ ಕೊಟ್ಟರು. ಎತ್ತಂಗಡಿಯಾದವರು 60,000, ಘೋಷಣೆಯಾಗಿ ಆಗಲೇ 38 ವರ್ಷ. ಇವತ್ತಿಗೂ ವಿಶ್ವಬ್ಯಾಂಕಿನ ಲೆಕ್ಕದಲ್ಲಿ ಜಗತ್ತಿನ ಅತ್ಯಂತ ಅಸಮಾನ ದೇಶಗಳ ಸಾಲಿನ ತುದಿಯಲ್ಲಿ ದಕ್ಷಿಣ ಆಫ್ರಿಕಾದ ಹೆಸರಿದೆ. ಬೋರ್ಡ್ ಮಾಡುತ್ತಿದ್ದ ಕೆಲಸವನ್ನು ಈಗ ಮೆನು ಕಾರ್ಡಿನ ಬಲಗಡೆಯ ಸಾಲು ಮಾಡುತ್ತದೆ. ಅದನ್ನು ರದ್ದು ಮಾಡಲು ಯಾವ ಮಸೂದೆ ತರೋದು?

ಕವಿತೆ ಮುಗಿಯುವಾಗ ಅವನ ಕೈ ಒಂದು ಕಲ್ಲಿಗೆ, ಒಂದು ಬಾಂಬಿಗೆ ತವಕಿಸುತ್ತದೆ. ಎಸೆಯುವುದಿಲ್ಲ. ನನ್ನ ಅನುವಾದದಲ್ಲಿ ಆ ಸಾಲುಗಳು ಪರವಾಗಿಲ್ಲ ಅನ್ನೋ ಹಾಗೆ ಬಂದಿವೆ. ‘ಬಾಯ್’ ಇದ್ದಲ್ಲಿ ಮಾತ್ರ ಸದ್ಯಕ್ಕೆ ಜಾಗ ಖಾಲಿ ಬಿಟ್ಟಿದ್ದೇನೆ. ನಿಮ್ಮೂರ ಕಡೆ ಇದಕ್ಕೆ ಪದ ಇದ್ದರೆ ಹೇಳಿ.