ಗೆಜ್ಜೆ ಕಟ್ಟುವವರು, ಚೀಲ ಹೊರುವವರು

ಮೇ ಒಂದರ ಬೆಳಗ್ಗೆ ಆರು ಗಂಟೆಗೆ ಆಕ್ಸ್‌ಫರ್ಡಿನ ಮಾಡ್ಲಿನ್ ಕಾಲೇಜಿನ ಗೋಪುರದ ಮೇಲಿಂದ ಹಾಡು ಕೇಳಿಸುತ್ತದೆ. ಕೆಳಗೆ ರಸ್ತೆ ತುಂಬ ಜನ. ಹಾಡು ಮುಗಿಯುತ್ತಿದ್ದಂತೆ ಬೀದಿಗಳಲ್ಲಿ ಇಂಗ್ಲೆಂಡಿನ ಹಳೆಯ ಜಾನಪದ ಕುಣಿತವಾದ ಮಾರಿಸ್ ಶುರುವಾಗುತ್ತದೆ. ಬಿಳಿ ಬಟ್ಟೆ, ಮೊಣಕಾಲ ಕೆಳಗೆ ಗೆಜ್ಜೆ ಪಟ್ಟಿ, ಕೈಯಲ್ಲಿ ಕರವಸ್ತ್ರ ಇಲ್ಲವೇ ಕೋಲು. ಆರು ಜನ ಎರಡು ಸಾಲಾಗಿ ನಿಂತು ಕೋಲಿಗೆ ಕೋಲು ತಾಗಿಸುವುದನ್ನು ಮೊದಲ ಸಲ ಕಂಡಾಗ ಮಂಡ್ಯ ಕಡೆಯವನಾದ ನನಗೆ ಕಣ್ಣು ತುಂಬಿ ಬಂತು. ನಮ್ಮೂರ ರಾಮಮಂದಿರದ ಮುಂದಿನ ಕೋಲಾಟ ನೆನಪಾಗದೆ ಇರುತ್ತದಾ?

ಮೊದಲ ವರ್ಷ ಸುಮ್ನೆ ನಿಂತು ನೋಡಿದೆ. ಎರಡನೇ ವರ್ಷ ಒಂದು ತಂಡದ ಅಭ್ಯಾಸಕ್ಕೆ ಹೋದೆ. ಚಳಿಗಾಲವಿಡೀ ವಾರಕ್ಕೊಂದು ಸಂಜೆ ಊರ ಸಭಾಂಗಣದಲ್ಲಿ ಅಭ್ಯಾಸ, ಬೇಸಿಗೆಯಲ್ಲಿ ಪಬ್ಬುಗಳ ಮುಂದೆ ಕುಣಿತ. ಅಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ಕುಣಿತಕ್ಕಿಂತ ಜಾಸ್ತಿ, ಅದನ್ನು ನಡೆಸುವ ರೀತಿ.

ಮಾರಿಸ್ ತಂಡದಲ್ಲಿ ಮುಖ್ಯವಾಗಿ ಮೂರು ಹೊಣೆ. ಸ್ಕ್ವೈರ್ ಅಂದರೆ ತಂಡದ ಮುಂದಾಳು. ಫೋರ್‌ಮನ್ ಹೆಜ್ಜೆ ಕಲಿಸುವವರು. ಮೂರನೆಯವರು ಬ್ಯಾಗ್‌ಮನ್. ಹೆಂಗಸಾದರೂ ಬಹಳ ಕಡೆ ಹೆಸರು ಅದೇ. ಹಿಂದೆ ಜನ ಕೊಟ್ಟ ಕಾಸಿನ ಚೀಲ ಹೊರುತ್ತಿದ್ದವರು ಅಂತ ಆ ಹೆಸರು. ಈಗ ಹಾಲ್ ಕಾಯ್ದಿರಿಸುವುದು, ಪತ್ರ ಬರೆಯುವುದು, ಲೆಕ್ಕ, ವಿಮೆ ಎಲ್ಲ ಅವರದೇ. ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಸಭೆ ಸೇರಿ ಈ ಹೊಣೆಗಳಿಗೆ ಜನರನ್ನು ಆರಿಸುತ್ತಾರೆ. ಯಾರಿಗೂ ಸಂಬಳ ಇಲ್ಲ. ನಮ್ಮ ಬ್ಯಾಗ್‌ಮನ್ ನಿವೃತ್ತ ನರ್ಸ್. ಮಂಡಿ ನೋವಿನಿಂದ ಕುಣಿಯುವುದನ್ನು ಬಿಟ್ಟು ವರ್ಷಗಳಾಗಿವೆ. ಆದರೂ ತಂಡ ಎಲ್ಲೇ ಕುಣಿದರೂ ಪಕ್ಕದಲ್ಲಿ ನಿಂತಿರುತ್ತಾರೆ, ಕಿತ್ತುಹೋದ ಗೆಜ್ಜೆ ಹೊಲಿಯಲು ಸೂಜಿ ದಾರ ಹಿಡಿದು. ಕುಣಿತ ಮುಗಿದ ಮೇಲೆ ಸ್ಕ್ವೈರ್ ಮೊದಲು ಹೇಳುವುದು ಅವರ ಹೆಸರನ್ನೇ.

ಈ ಕುಣಿತ ತಾನಾಗಿ ಉಳಿದದ್ದಲ್ಲ. ಆಕ್ಸ್‌ಫರ್ಡಿಗೆ ಅಂಟಿಕೊಂಡಂತಿರುವ ಹೆಡಿಂಗ್ಟನ್ ಕ್ವಾರಿಯಲ್ಲಿ 1899ರ ಡಿಸೆಂಬರ್ 26ರಂದು ಕೆಲವು ಕೂಲಿಯವರು ಹೊತ್ತಲ್ಲದ ಹೊತ್ತಲ್ಲಿ ಕುಣಿಯಲು ಹೊರಟರು. ಗಟ್ಟಿ ಚಳಿಗೆ ಕಟ್ಟಡದ ಕೆಲಸ ನಿಂತಿತ್ತು, ಮನೆಯಲ್ಲಿ ಕಾಸಿರಲಿಲ್ಲ. ವಾದ್ಯ ನುಡಿಸಿದವನು ವಿಲಿಯಂ ಕಿಂಬರ್, ಗಾರೆ ಕೆಲಸದವನು. ಅದನ್ನು ನೋಡಿದ ಸೆಸಿಲ್ ಶಾರ್ಪ್ ಎಂಬ ಸಂಗೀತದ ಮೇಷ್ಟ್ರು ಅವನಿಂದ ಮಟ್ಟುಗಳನ್ನು ಬರೆದುಕೊಂಡರು. 1905ರಲ್ಲಿ ಮೇರಿ ನೀಲ್ ಲಂಡನ್ನಿನಲ್ಲಿ ತಾವು ನಡೆಸುತ್ತಿದ್ದ ಕ್ಲಬ್ಬಿನ ಹುಡುಗಿಯರಿಗೆ ಕಲಿಸಲು ಕಿಂಬರನನ್ನೇ ಕರೆಸಿದರು. ಬಟ್ಟೆ ಹೊಲಿದು ಬದುಕುತ್ತಿದ್ದ ಬಡ ಹುಡುಗಿಯರು ಅವರು. ಕಲಿತು, ಊರೂರಿಗೆ ಹೋಗಿ ಬೇರೆಯವರಿಗೂ ಕಲಿಸಿದರು. ನನಗೆ ಈ ಕಥೆಯಲ್ಲಿ ಶಾರ್ಪ್ ಅವರಿಗಿಂತ ಆ ಹುಡುಗಿಯರೇ ದೊಡ್ಡವರಾಗಿ ಕಾಣುತ್ತಾರೆ. ಆಮೇಲೆ ಬಂದ ಮಾರಿಸ್ ರಿಂಗ್ ಎಂಬ ಒಕ್ಕೂಟ (1934) ಗಂಡಸರದ್ದೇ ಆಗಿತ್ತು. ಹಾಗಾಗಿ 1975ರಲ್ಲಿ ಹೆಂಗಸರು ತಮ್ಮದೇ ಒಕ್ಕೂಟ ಕಟ್ಟಿಕೊಂಡರು.

ಈಗ ನಮ್ಮ ಕಡೆಗೆ ಬರುತ್ತೇನೆ. ನಮ್ಮೂರಲ್ಲಿ ಸುಗ್ಗಿ ಮುಗಿದ ಮೇಲೆ ಪಕ್ಕದೂರಿಂದ ಕೋಲಾಟದ ಮೇಷ್ಟ್ರು ಬರುತ್ತಿದ್ದರು. ಅವರಿಗೆ ದಿನಕ್ಕೊಂದು ಮನೆಯಲ್ಲಿ ಊಟ. ದೀಪದ ಎಣ್ಣೆ ಒಬ್ಬರದು, ಜಡೆ ಕೋಲಾಟಕ್ಕೆ ಬೇಕಾದ ಹಗ್ಗ ಇನ್ನೊಬ್ಬರದು. ಮೇಲಿಂದ ಇಳಿಬಿಟ್ಟ ಹಗ್ಗ ಹಿಡಿದು ಒಬ್ಬರನ್ನೊಬ್ಬರು ಸುತ್ತಿ ಜಡೆ ಹೆಣೆಯುವ ಆಟ ಅದು. ಇಲ್ಲಿ ಇಂಗ್ಲೆಂಡಿನಲ್ಲಿ ಮಕ್ಕಳು ಮೇ ಹಬ್ಬದ ಕಂಬದ ಸುತ್ತ ಬಣ್ಣದ ಪಟ್ಟಿ ಹಿಡಿದು ಆಡುವುದೂ ಹೆಚ್ಚುಕಡಿಮೆ ಹಾಗೇ. ನಮ್ಮಲ್ಲಿ ಸಭೆಯೂ ಇರಲಿಲ್ಲ, ಲೆಕ್ಕದ ಪುಸ್ತಕವೂ ಇರಲಿಲ್ಲ. ಸರದಿ ಇತ್ತು. ತಂಡವನ್ನು ಊರೇ ನಡೆಸುತ್ತಿತ್ತು.

ಆದರೆ ಹಳೆಯದೆಲ್ಲ ಚೆನ್ನಾಗಿತ್ತು ಅಂತ ಹೇಳಲಾರೆ. ತಮಟೆ ಬಡಿಯುವುದು ಒಂದು ಕೇರಿಯವರ ಪಾಲಿಗೆ ಬಿಟ್ಟಿ ಚಾಕರಿಯಾಗಿತ್ತು. ಬೇಡ ಅನ್ನುವ ಹಾಗಿರಲಿಲ್ಲ. ಅದನ್ನು ಸೇವೆ ಅಂತ ಕರೆದರೆ ತಪ್ಪಾಗುತ್ತದೆ. ತಾನಾಗಿ ಒಪ್ಪಿಕೊಂಡು, ಒಂದು ವರ್ಷ ಮಾಡಿ, ಇನ್ನೊಬ್ಬರ ಕೈಗೆ ಕೊಟ್ಟು ಇಳಿಯಬಹುದಾದ ಕೆಲಸ ಅಂದರೆ ಏನು ಅಂತ ನನಗೆ ತಿಳಿದದ್ದು ಈ ಮಾರಿಸ್ ತಂಡದಲ್ಲೇ.

ಊರು ಬಿಟ್ಟು ಬಂದ ನಾವು ಸರದಿಯನ್ನು ಅಲ್ಲೇ ಬಿಟ್ಟು ಬಂದೆವು. ಇಲ್ಲಿಯ ಕನ್ನಡ ಕೂಟಗಳಲ್ಲಿ ನಾನು ಕಂಡದ್ದು ಇದು: ರಾಜ್ಯೋತ್ಸವಕ್ಕೆ ಆರು ವಾರ ಇರುವಾಗ ಯಾರದೋ ಮನೆಯ ನಡುಮನೆಯಲ್ಲಿ ಅಭ್ಯಾಸ ಶುರು. ಒಬ್ಬ ಅಕ್ಕ ಕಲಿಸುತ್ತಾರೆ. ಸೀರೆ ತರಿಸುವುದು, ಹಾಡು ಕತ್ತರಿಸಿ ಜೋಡಿಸುವುದು, ಮಕ್ಕಳಿಗೆ ತಿಂಡಿ, ಎಲ್ಲಾ ಅವರೇ. ಕಾರ್ಯಕ್ರಮ ಮುಗಿದ ಮೇಲೆ ಫೋಟೋಗಳು ಬರುತ್ತವೆ, ಆಮೇಲೆ ವಾಟ್ಸಾಪ್ ಗುಂಪು ತಣ್ಣಗಾಗುತ್ತದೆ. ನಾನಿದ್ದ ಒಂದು ಗುಂಪಿನಲ್ಲಿ ಹಾಗೆ ನಾಲ್ಕು ವರ್ಷ ದುಡಿದ ಅಕ್ಕ ಕೆಲಸದ ಮೇಲೆ ಬೇರೆ ಊರಿಗೆ ಹೋದರು. ಅವತ್ತಿಗೆ ಕೋಲಾಟ ನಿಂತಿತು. ಕೋಲುಗಳು ಎಲ್ಲಿವೆ ಅಂತ ಕೂಡ ನಮಗೆ ಗೊತ್ತಿರಲಿಲ್ಲ. ಆ ನಾಲ್ಕು ವರ್ಷದಲ್ಲಿ ನಾನು ಒಂದು ಸಲವೂ ಅವರಿಗೆ ‘ಅಕ್ಕಾ, ಇದನ್ನು ನಾನು ಮಾಡ್ತೀನಿ’ ಅಂದಿರಲಿಲ್ಲ. ಅದು ನನಗೆ ಇವತ್ತಿಗೂ ನೋವಿನ ಮಾತು.

ಕನ್ನಡಿಗರಿಗೆ ಉತ್ಸಾಹ ಕಡಿಮೆ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಉತ್ಸಾಹ ಬೇಕಾದಷ್ಟಿದೆ. ಕೆಲಸಕ್ಕೆ ಹೆಸರಿಲ್ಲ, ಅಷ್ಟೇ. ಹೆಸರಿಲ್ಲದ ಕೆಲಸವನ್ನು ಯಾರೂ ಕೇಳಿ ಪಡೆಯುವುದಿಲ್ಲ, ಯಾರಿಗೂ ಒಪ್ಪಿಸಿ ಹೋಗುವುದೂ ಇಲ್ಲ. ಮಾಡುವವರು ಮಾಡುತ್ತಲೇ ಇರುತ್ತಾರೆ, ಒಂದು ದಿನ ಸುಸ್ತಾಗಿ ಬಿಡುತ್ತಾರೆ.

ಇನ್ನೊಂದು ವ್ಯತ್ಯಾಸ ವೇದಿಕೆ. ಮಾರಿಸ್ ತಂಡ ಕುಣಿಯುವುದು ನೆಲದ ಮೇಲೆ, ಜನರ ನಡುವೆ. ತಪ್ಪು ಹೆಜ್ಜೆ ಹಾಕಿದರೂ ಯಾರೂ ಮುಖ ಸಿಂಡರಿಸುವುದಿಲ್ಲ. ನಮ್ಮ ಕೋಲಾಟವೂ ನೆಲದ ಆಟವೇ ಅಲ್ವಾ? ಇಲ್ಲಿಗೆ ಬಂದ ಮೇಲೆ ಅದು ಐದು ನಿಮಿಷದ ಪ್ರದರ್ಶನವಾಯಿತು. ಚೆನ್ನಾಗಿ ಬಾರದವರು ಕುರ್ಚಿಯಲ್ಲೇ ಉಳಿದರು.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಸೇವೆ ಅನ್ನುವುದು ನಮ್ಮಂಥ ಹವ್ಯಾಸಿಗಳಿಗೆ ಮಾತ್ರ. ಡೊಳ್ಳು, ಕಂಸಾಳೆ, ವೀರಗಾಸೆಯವರನ್ನು ಊರಿಂದ ಕರೆಸುವಾಗ ‘ವಿದೇಶ ನೋಡಿದ ಹಾಗಾಗುತ್ತದೆ’ ಅಂತ ಸಂಭಾವನೆ ಕಡಿಮೆ ಮಾಡುವುದು ಬೇಡ. ಅವರಿಗೆ ಅದು ಅನ್ನ. 1899ರ ಆ ಚಳಿಯಲ್ಲಿ ಕಿಂಬರನಿಗೂ ಹಾಗೇ ಇತ್ತು.

ಹೋದ ಸೆಪ್ಟೆಂಬರಿನಿಂದ ನಾವು ಎಂಟು ಮನೆಯವರು ಮತ್ತೆ ಕೋಲಾಟ ಶುರು ಮಾಡಿದ್ದೇವೆ. ಹದಿನೈದು ದಿನಕ್ಕೊಂದು ಭಾನುವಾರ, ಎರಡು ಗಂಟೆ, ಬಾಡಿಗೆ ಹಾಲ್. ಸದ್ಯಕ್ಕೆ ವೇದಿಕೆ ಬೇಡ ಅಂತ ಒಪ್ಪಿಕೊಂಡಿದ್ದೇವೆ. ಬ್ಯಾಗ್‌ಮನ್‌ಗೆ ಕನ್ನಡದಲ್ಲಿ ಏನನ್ನೋಣ ಅಂತ ಬಹಳ ಮಾತಾಯಿತು. ಕೊನೆಗೆ ನಮ್ಮ ಹಳೇ ಮೈಸೂರಿನ ದೇವಸ್ಥಾನಗಳ ಮಾತು ಸಿಕ್ಕಿತು: ಪಾರುಪತ್ತೆಗಾರ. ಈ ವರ್ಷದ ಪಾರುಪತ್ತೆ ಬಾಗಲಕೋಟೆ ಕಡೆಯ ಒಬ್ಬ ಅಣ್ಣನದು. ‘ನನಗ ಕುಣಿಯಾಕ ಬರೂದಿಲ್ರೀ’ ಅಂತ ಮೂಲೆಯಲ್ಲಿ ಕೂರುತ್ತಿದ್ದವರು ಈಗ ಎಲ್ಲರಿಗಿಂತ ಮೊದಲು ಬಂದು ಹಾಲಿನ ಬಾಗಿಲು ತೆಗೆಯುತ್ತಾರೆ. ಅವರ ನೋಟುಪುಸ್ತಕದಲ್ಲಿ ಹಾಲಿನ ಬಾಡಿಗೆ, ಮುರಿದ ಕೋಲು ಎರಡು, ಮುಂದಿನ ಸಲದ ಉಪ್ಪಿಟ್ಟು ಯಾರ ಮನೆಯದು, ಎಲ್ಲ ಇದೆ. ಕೊನೆಯ ಪುಟದಲ್ಲಿ ಮುಂದಿನ ವರ್ಷದ ಪಾರುಪತ್ತೆಗೆ ಹೆಸರು ಕೊಟ್ಟವರ ಪಟ್ಟಿ. ಅದರಲ್ಲಿ ನನ್ನದೂ ಇದೆ.