ಗಾಳಿಯಿಂದ ಹಾರಿಸಿದರೂ ಒದೆತ ಇದ್ದೇ ಇರುತ್ತದೆ

"ಸಿಡಿಮದ್ದು ಹಾಕಲ್ಲ, ಬರೀ ಗಾಳಿ. ಹಾಗಾಗಿ ಆಲೂಗಡ್ಡೆ ಹಾರಿಸೋ ಪೈಪು ಹಿಂದಕ್ಕೆ ಒದೆಯಲ್ಲ" ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು. ಒದೆತಕ್ಕೆ ಕಾರಣ ಮದ್ದಲ್ಲ, ಮುಂದಕ್ಕೆ ಹೋಗುವ ವಸ್ತುವಿನ ತೂಕ ಮತ್ತು ವೇಗ. ಮುಂದಕ್ಕೆ ತಳ್ಳಿದಷ್ಟೇ ಬಲ ಹಿಂದಕ್ಕೂ ಬೀಳುತ್ತದೆ; ನ್ಯೂಟನ್ 1687ರಲ್ಲೇ ತಿಳಿಸಿದ ನಿಯಮ ಇದು. 200 ಗ್ರಾಂ ಆಲೂಗಡ್ಡೆ ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ಹೊರಟರೆ, 5 ಕೆಜಿ ಪೈಪು ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಹಿಂದೆ ಬರುತ್ತದೆ. ಹೊರಗೆ ನುಗ್ಗುವ ಗಾಳಿಯ ತಳ್ಳಾಟವೂ ಇದಕ್ಕೆ ಸೇರುತ್ತದೆ. ಪೈಪಿನ ತೂಕ ಎರಡು ಪಟ್ಟಾದರೆ ಅದು ಹಿಂದೆ ಬರುವ ವೇಗ ಅರ್ಧವಾಗುತ್ತದೆ. ಭುಜಕ್ಕೆ ಸ್ಪಂಜು ಇಟ್ಟರೆ ಏಟು ಮೆತ್ತಗಾಗುತ್ತದೆ, ಮಾಯವಾಗುವುದಿಲ್ಲ.

ನನಗೆ ಜಾಸ್ತಿ ಭಯ ಪಿವಿಸಿ ಪೈಪಿನದು. ಅದರ ಮೇಲೆ ಅಚ್ಚಾದ ಒತ್ತಡದ ಅಂಕಿ ನೀರಿಗೆ, ಗಾಳಿಗಲ್ಲ. ಗಾಳಿ ತುಂಬಿದಾಗ ಒಡೆದರೆ ಚೂಪಾದ ಚೂರುಗಳು ಕಣ್ಣಿಗೇ ಹಾರಬಹುದು. ದಯವಿಟ್ಟು ಮಕ್ಕಳ ಕೈಗೆ ಕೊಡಬೇಡಿ.