ಹಪ್ಪಳಕ್ಕೆ ಬಂದ 502

ಚಿಕ್ಕಮ್ಮನ ಹಪ್ಪಳ ಸಂಡಿಗೆ ವ್ಯಾಪಾರಕ್ಕೆ ಯುಗಾದಿಯೊಳಗೆ ಜಾಲತಾಣ ಮಾಡಿಕೊಡುತ್ತೇನೆಂದು ನಾನು ಮಾತು ಕೊಟ್ಟದ್ದು ಬಾಳೆಲೆಯ ಮುಂದೆ ಕುಳಿತು, ಎರಡನೆಯ ಸಲ ಪಾಯಸ ಬಡಿಸಿಕೊಂಡ ಮೇಲೆ. ಅಂಥ ಹೊತ್ತಿನಲ್ಲಿ ಕೊಟ್ಟ ಮಾತನ್ನು ಯಾರೂ ನಂಬಬಾರದು. ಚಿಕ್ಕಮ್ಮ ನಂಬಿದರು.

ತಾಣ ಕಟ್ಟುವುದೇನೋ ಸಲೀಸಾಗಿ ಮುಗಿಯಿತು. ಪೈಥಾನ್ ಭಾಷೆಯಲ್ಲಿ ತಾಣ ಕಟ್ಟಲು ಸಿಗುವ ಸಿದ್ಧ ಚೌಕಟ್ಟು ಜ್ಯಾಂಗೊ; ಅದು ಅರ್ಧ ಅಡುಗೆಯನ್ನು ತಾನೇ ಮಾಡಿಟ್ಟಿರುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ಉದ್ದಿನ ಹಪ್ಪಳ, ಅಕ್ಕಿ ಸಂಡಿಗೆ, ಬಾಳಕದ ಮೆಣಸಿನಕಾಯಿ ಎಲ್ಲವೂ ಚಿತ್ರಸಮೇತ ಮಿಂಚಿದವು. ಮನೆಯಲ್ಲಿ ಹುಲಿ, ಬೀದಿಯಲ್ಲಿ ಇಲಿ ಎಂಬುದು ಗೊತ್ತಾದದ್ದು ಅದನ್ನು ಬಾಡಿಗೆಯ ಸರ್ವರಿಗೆ ಸಾಗಿಸಿದ ಮೇಲೆ. 1 ಜಿಬಿ ಮೆಮೊರಿಯ ಬಡಪಾಯಿ ಯಂತ್ರ ಅದು. ಹಾಗಾಗಿ ಬಾಗಿಲಲ್ಲಿ, ಬಂದವರನ್ನು ಎದುರುಗೊಳ್ಳಲು, ಎಂಜಿನ್‌ಎಕ್ಸ್ ಎಂಬ ಹಗುರ ಮೈಯ ವೆಬ್ ಸರ್ವರ್ ತಂತ್ರಾಂಶವನ್ನು ನಿಲ್ಲಿಸಿದೆ. (ಆರು ವರ್ಷ ನಾನಿದನ್ನು ‘ಎನ್‌ಜಿಂಕ್ಸ್’ ಎಂದೇ ಕರೆದಿದ್ದೆ, ಯಾರೂ ತಿದ್ದಲಿಲ್ಲ. ಜ್ಯಾಂಗೊ ಇಂಗ್ಲಿಷಿನಲ್ಲಿ ಬರೆದ ‘ಡಿ’ಯನ್ನು ಉಚ್ಚರಿಸುವುದಿಲ್ಲ, ಇದು ಬರೆಯದ ಅಕ್ಷರಗಳನ್ನೂ ಉಚ್ಚರಿಸುತ್ತದೆ. ಅಲ್ಲಿಗೆ ಲೆಕ್ಕ ಚುಕ್ತಾ.)

ರಷ್ಯದ ಇಗೊರ್ ಸಿಸೊಯೆವ್ 2004ರಲ್ಲಿ ಲೋಕಕ್ಕೆ ಬಿಟ್ಟ ಈ ಸರ್ವರು, ಹತ್ತು ಸಾವಿರ ಮಂದಿ ಒಟ್ಟಿಗೆ ಬಂದರೂ ಬೆವರಬಾರದೆಂದು ಹುಟ್ಟಿದ್ದು. ನನ್ನ ಕಡೆಯಿಂದ ಬರಬೇಕಾಗಿದ್ದವರು ಚಿಕ್ಕಮ್ಮ ಮತ್ತು ಅವರ ಭಜನಾ ಮಂಡಳಿಯ ಹನ್ನೊಂದು ಜನ.

ಆದರೆ ಬಾಗಿಲಲ್ಲಿ ನಿಂತವನಿಗೆ ಪೈಥಾನ್ ಬರುವುದಿಲ್ಲ. ಬಂದವರನ್ನು ಕೂರಿಸುತ್ತಾನೆ, ನೀರು ಕೊಡುತ್ತಾನೆ, ಅಷ್ಟೆ. ಒಲೆಯ ಮುಂದೆ, ಪೈಥಾನ್ ಓಡಿಸಬಲ್ಲ ಗುನಿಕಾರ್ನ್ ಎಂಬ ಇನ್ನೊಂದು ತಂತ್ರಾಂಶ ಇರಬೇಕು. ಪ್ರೊಸೆಸರಿನ ಕೋರುಗಳ ಎರಡರಷ್ಟಕ್ಕೆ ಒಂದು ಸೇರಿಸಿ ಅಷ್ಟು ಅಡುಗೆಯವರನ್ನು ಇಡಿ ಎಂಬುದು ಅದರ ಸಲಹೆ. ನನ್ನದು ಒಂದೇ ಕೋರು, ಆದ್ದರಿಂದ ಮೂವರು. ಇವರಿಗೂ ಬಾಗಿಲಿನವನಿಗೂ ನಡುವೆ ತಟ್ಟೆ ದಾಟಿಸುವ ಕಿಂಡಿಯೊಂದುಂಟು, ಅದೇ ಸಾಕೆಟ್. ಅದನ್ನು ನನ್ನ ಹೋಮ್ ಡೈರೆಕ್ಟರಿಯಲ್ಲೇ ಕೊರೆದೆ. ಎಲ್ಲ ಜೋಡಿಸಿ ತಾಣ ತೆರೆದರೆ ಬಿಳಿಯ ಹಾಳೆಯ ಮೇಲೆ ದಪ್ಪಕ್ಷರ: ‘502 ಬ್ಯಾಡ್ ಗೇಟ್‌ವೇ’. ಒಳಗಿನಿಂದ ಸರಿಯಾದ ಉತ್ತರ ಸಿಗಲಿಲ್ಲವೆಂದು ಬಾಗಿಲಿನವನ ದೂರು.

ಗುನಿಕಾರ್ನ್ ನಿಲ್ಲಿಸಿ ಎಬ್ಬಿಸಿದೆ. ಎಂಜಿನ್‌ಎಕ್ಸ್ ನಿಲ್ಲಿಸಿ ಎಬ್ಬಿಸಿದೆ. ಯಂತ್ರವನ್ನೇ ಮಲಗಿಸಿ ಎಬ್ಬಿಸಿದೆ. ಮಲಗದೆ ಉಳಿದವನು ನಾನೊಬ್ಬನೇ. ರಾತ್ರಿ ಒಂದೂವರೆಗೆ, ಸರ್ವರು ತನ್ನ ತಪ್ಪುಗಳನ್ನು ಬರೆದಿಡುವ ಲಾಗ್ ಓದುವ ಬುದ್ಧಿ ಬಂತು: ‘ಪರ್ಮಿಷನ್ ಡಿನೈಡ್’, ಪಕ್ಕದಲ್ಲಿ 13 ಎಂಬ ಅಂಕಿ. ತಿಳಿದವರು ಮಾಡಬಾರದ ಕೆಲಸವನ್ನು ಮಾಡಿದೆ; ಸಾಕೆಟ್‌ಗೆ 777, ಅಂದರೆ ಎಲ್ಲರಿಗೂ ಎಲ್ಲ ಅನುಮತಿ, ಕೊಟ್ಟು ಕಿಂಡಿಯನ್ನು ಹಾರುಹೊಡೆದೆ. ಆದರೂ 502.

ಆಗ ನೆನಪಾದದ್ದು ಅಜ್ಜಿಯ ಅಡುಗೆಮನೆ. ಅಜ್ಜಿ ಮಡಿಯುಟ್ಟರೆ ಉಪ್ಪಿನಕಾಯಿ ಭರಣಿಯ ಮುಚ್ಚಳ ತೆರೆದಿದ್ದರೇನು ಬಂತು, ಹೊಸ್ತಿಲು ದಾಟಲು ನಮಗೆ ಅಪ್ಪಣೆ ಇರುತ್ತಿರಲಿಲ್ಲ. ಇಲ್ಲೂ ಅದೇ. ಎಂಜಿನ್‌ಎಕ್ಸ್ ಬೇರೊಬ್ಬ ಬಳಕೆದಾರನ ಹೆಸರಿನಲ್ಲಿ ಓಡುತ್ತದೆ. ಆ ಯಂತ್ರವನ್ನು ನಡೆಸುವ ಕಾರ್ಯಾಚರಣಾ ವ್ಯವಸ್ಥೆ ಉಬುಂಟು; ಅದರ 21.04ನೇ ಆವೃತ್ತಿಯಿಂದ ಈಚೆಗೆ ಹೊಸ ಬಳಕೆದಾರರ ಮನೆಗೆ, ಅಂದರೆ ಹೋಮ್ ಡೈರೆಕ್ಟರಿಗೆ, 750ರ ಬೀಗ. ಅಂದರೆ ಹೊರಗಿನವರಿಗೆ ಹೆಬ್ಬಾಗಿಲೇ ಬಂದ್. ಒಳಗೆ ಕಿಂಡಿ ಎಷ್ಟು ಅಗಲವಿದ್ದರೂ ಅವನು ಅಂಗಳದಲ್ಲೇ ನಿಂತಿದ್ದ, ಪಾಪ. ಸಾಕೆಟ್ ಅನ್ನು ‘ರನ್’ ಎಂಬ ಸಾರ್ವಜನಿಕ ಜಗುಲಿಗೆ ಸಾಗಿಸಿದೆ. ತಾಣ ತೆರೆಯಿತು.

ತೆರೆಯಿತು, ಆದರೆ ಉಟ್ಟ ಬಟ್ಟೆ ಇಲ್ಲದೆ. ಬಣ್ಣವಿಲ್ಲ, ಚಿತ್ರವಿಲ್ಲ, ಎಡಕ್ಕೆ ಒತ್ತರಿಸಿದ ನೀಲಿ ಕೊಂಡಿಗಳ ಸಾಲು. ಎಂಜಿನ್‌ಎಕ್ಸ್‌ಗೆ ದಾರಿ ಹೇಳುವಾಗ ‘ಏಲಿಯಾಸ್’ ಎಂದು ಬರೆಯಬೇಕಾದಲ್ಲಿ ‘ರೂಟ್’ ಎಂದು ಬರೆದಿದ್ದೆನಾಗಿ, ಅದು ಬಣ್ಣ, ಚಿತ್ರಗಳಿರುವ ‘ಸ್ಟ್ಯಾಟಿಕ್’ ಕಡತಕೋಶದೊಳಗೆ ಇನ್ನೊಂದು ‘ಸ್ಟ್ಯಾಟಿಕ್’ ಹುಡುಕುತ್ತಿತ್ತು. ಅದನ್ನು ಸರಿಪಡಿಸುವಷ್ಟರಲ್ಲಿ ಹಾಲಿನವನ ಗಂಟೆ ಕೇಳಿಸಿತು.

ಬೆಳಿಗ್ಗೆ ಚಿಕ್ಕಮ್ಮನ ಫೋನು. ಅವರು ವಿಳಾಸವನ್ನು ಶ್ರದ್ಧೆಯಿಂದ ಮೂರು ‘ಡಬ್ಲ್ಯು’ ಸಮೇತ ಬರೆದಿದ್ದರು. ಯಾವ ಹೆಸರಿನಲ್ಲಿ ಕರೆದರೆ ಓಗೊಡಬೇಕೆಂದು ಜ್ಯಾಂಗೊಗೆ ನಾನು ಕೊಟ್ಟ ಪಟ್ಟಿಯಲ್ಲಿ ಡಬ್ಲ್ಯುಗಳಿರಲಿಲ್ಲ. ಉತ್ತರ: ‘ಬ್ಯಾಡ್ ರಿಕ್ವೆಸ್ಟ್’.

“ಅರ್ಧ ಕಿಲೋ ಹಪ್ಪಳ ಕೇಳುವುದರಲ್ಲಿ ಕೆಟ್ಟದ್ದೇನಿದೆ?” ಎಂದು ಕೇಳಿದರು.

ಪಟ್ಟಿಗೆ ಡಬ್ಲ್ಯು ಸೇರಿಸಿದೆ. ಒಂಬತ್ತು ಗಂಟೆಗೆ ಮೊದಲ ಬೇಡಿಕೆ ಬಂದೇಬಿಟ್ಟಿತು. ಎದೆ ಉಬ್ಬಿಸಿಕೊಂಡು ಅವರಿಗೆ ತೋರಿಸಿದೆ. ಚಿಕ್ಕಮ್ಮ ಕನ್ನಡಕ ಏರಿಸಿ ಓದಿದರು. “ನಿನ್ನೆ ರಾತ್ರಿ ಹತ್ತೂವರೆಗೇ ಕೇಳಿದ್ದಾರೆ. ಈಗ ಹೇಳುತ್ತಿದ್ದೀಯಲ್ಲ!”

ಸೆಟ್ಟಿಂಗ್ಸ್ ಕಡತವನ್ನು ಅಚ್ಚುಕಟ್ಟು ಮಾಡುವ ಉತ್ಸಾಹದಲ್ಲಿ ಕಾಲವಲಯದ ಸಾಲನ್ನು ಅಳಿಸಿಹಾಕಿದ್ದೆ. ಆ ಸಾಲಿಲ್ಲದಿದ್ದರೆ ಜ್ಯಾಂಗೊ ಷಿಕಾಗೊ ಸಮಯಕ್ಕೆ ಮರಳುತ್ತದೆ. ಅದು ಹುಟ್ಟಿದ್ದು ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ಪತ್ರಿಕಾ ಕಚೇರಿಯಲ್ಲಿ, ಅಲ್ಲಿಯ ಗಡಿಯಾರವೂ ಅದೇ. ಇದನ್ನೆಲ್ಲ ಚಿಕ್ಕಮ್ಮನಿಗೆ ಬಿಡಿಸಿ ಬಿಡಿಸಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, ಹಪ್ಪಳದ ಕಟ್ಟಿಗೆ ಇನ್ನೊಂದು ಸುತ್ತು ದಾರ ಬಿಗಿದು ಕೇಳಿದರು: “ಸರಿ, ಆ ಊರಿಗೆ ಅಂಚೆಗೆ ಎಷ್ಟಾಗುತ್ತದೆ?”